ಅಡುಗೆಮನೆ ಟ್ಯೂಬ್‌ಲೈಟ್ ಮಿಣುಕಾಟ: ಸ್ಟಾರ್ಟರೋ, ಚೋಕೋ, ಟ್ಯೂಬೋ?

ಕೇಳಿದವರು: ನಾಲ್ಕಡಿಯ 36 ವ್ಯಾಟ್ ಟ್ಯೂಬ್, ಹಳೇ ತಗಡಿನ ಪಟ್ಟಿ, ತಾಮ್ರದ ಚೋಕ್ (ಟ್ಯೂಬಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಸುರುಳಿ). ಸ್ವಿಚ್ ಹಾಕಿದರೆ ಹತ್ತು ಹನ್ನೆರಡು ಸಲ ಮಿಣುಕಿ ಆಮೇಲೆ ಹತ್ತಿಕೊಳ್ಳುತ್ತೆ. ಸಂಜೆ ಹೊತ್ತು ಹತ್ತಿದ ಮೇಲೂ ಆರಿ ಆರಿ ಉರಿಯುತ್ತೆ. ಒಂದು ತುದಿ ಕಪ್ಪಾಗಿದೆ. ಪಟ್ಟಿ ಸಮೇತ ತೆಗೆದು ಎಲ್‌ಇಡಿ ಹಾಕಿಸಿ ಅಂತಾರೆ ಎಲೆಕ್ಟ್ರಿಷಿಯನ್. ಅಷ್ಟೆಲ್ಲ ಬೇಕಾ? ಗೊತ್ತಿದ್ದವರು ಹೇಳಿ.

ವೈರಿಂಗ್ ಕೆಲಸದವರು: ಬೇಡ ಮೇಡಂ, ಮೊದಲು ಸ್ಟಾರ್ಟರ್ ಬದಲಿಸಿ ನೋಡಿ. ಅದು ಅಗ್ಗದ ಸಾಮಾನು. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಲೈನಿಗಿರುವ ಟ್ರಿಪ್ ಸ್ವಿಚ್) ಕೆಳಗಿಳಿಸಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಪಟ್ಟಿಯೊಳಗೆ ಕರೆಂಟ್ ಇರುತ್ತೆ. ಸ್ಟಾರ್ಟರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ಎಳೆದರೆ ಬರುತ್ತೆ. ಹೊಸದರ ಮೇಲೆ 4-65 ಅಥವಾ 4-80 ವ್ಯಾಟ್ ಅಂತ ಇರಲಿ. 4-22 ಅಂತ ಇರುವುದು ಎರಡಡಿ ಟ್ಯೂಬಿನದು, ಅದು ಬೇಡ.

ಎರಡೂ ತುದಿ ಕೆಂಪಗೆ ಕಾಯ್ದು ನಡುವೆ ಬೆಳಕೇ ಬರದಿದ್ದರೆ ಸ್ಟಾರ್ಟರ್ ಒಳಗೆ ಅಂಟಿಕೊಂಡಿದೆ ಅಂತ ಲೆಕ್ಕ. ಹಾಗೇ ಬಿಟ್ಟರೆ ಟ್ಯೂಬೂ ಹೋಗುತ್ತೆ.

ಐಟಿಐ ಬೋಧಕರು: ಮೇಲಿನವರು ಹೇಳಿದ್ದು ಸರಿ. ಆದರೆ ಇಲ್ಲಿ ತೊಂದರೆ ಎರಡು ಥರದ್ದು, ಬೇರೆ ಬೇರೆ ನೋಡಬೇಕು. ಸ್ಟಾರ್ಟರಿನ ಗಾಜಿನ ಗುಳಿಗೆಯೊಳಗೆ ಎರಡು ಲೋಹದ ತುಂಡು ಇರುತ್ತವೆ. ಬಿಸಿಯಾದಾಗ ಬಾಗಿ ಕೂಡುತ್ತವೆ, ಟ್ಯೂಬಿನ ತುದಿಗಳಲ್ಲಿರುವ ತಂತಿ (ಫಿಲಮೆಂಟ್) ಕಾಯುತ್ತೆ; ತಣ್ಣಗಾಗಿ ಬಿಟ್ಟುಕೊಂಡ ಕ್ಷಣಕ್ಕೆ ಚೋಕ್ ಜೋರಾಗಿ ವೋಲ್ಟೇಜ್ ಒದೆಯುತ್ತೆ, ಟ್ಯೂಬ್ ಹತ್ತುತ್ತೆ. ಒಂದೇ ಏಟಿಗೆ ಹತ್ತುವುದು ಅಪರೂಪ. (ತಡವಾಗಿ ಅರ್ಥವಾಗುವವರಿಗೆ ‘ಟ್ಯೂಬ್‌ಲೈಟ್’ ಅನ್ನುವುದು ಇದಕ್ಕೇ.) ಮೂರ್ನಾಲ್ಕು ಸಲ ಮಿಣುಕಿದರೆ ಚಿಂತೆಯಿಲ್ಲ, ಹನ್ನೆರಡು ಸಲ ಅಂದರೆ ದೋಷ.

ಹತ್ತಿದ ಮೇಲೆ ಆರುವುದು ಬೇರೆ. ಉರಿಯುವ ಟ್ಯೂಬಿನ ಎರಡು ತುದಿ ನಡುವೆ ಸುಮಾರು 100 ವೋಲ್ಟ್ ಮಾತ್ರ ಇರುವುದರಿಂದ ಸ್ಟಾರ್ಟರ್ ಸುಮ್ಮನಿರುತ್ತೆ. ಟ್ಯೂಬ್ ಹಳೆಯದಾದರೆ ಆ ವೋಲ್ಟೇಜ್ ಏರುತ್ತೆ, ಸ್ಟಾರ್ಟರ್ ಮತ್ತೆ ಕೆಲಸ ಶುರುಮಾಡುತ್ತೆ. ಪರೀಕ್ಷೆ ಸುಲಭ: ಟ್ಯೂಬ್ ಉರಿಯುತ್ತಿರುವಾಗಲೇ, ಪ್ಲಾಸ್ಟಿಕ್ ಮೈಯ ಸ್ಟಾರ್ಟರ್ ಆಗಿದ್ದರೆ ಮಾತ್ರ, ಒಣಗಿದ ಕೈಯಿಂದ, ಮರದ ಸ್ಟೂಲ್ ಮೇಲೆ ನಿಂತು ಅದನ್ನು ತೆಗೆಯಿರಿ. ಬೆಳಕು ನೆಟ್ಟಗೆ ನಿಂತರೆ ತಪ್ಪು ಸ್ಟಾರ್ಟರಿನದು, ಇಲ್ಲವೇ ಹಳೇ ಟ್ಯೂಬ್ ಅದನ್ನು ಕೆಣಕುತ್ತಿದೆ. ಆಮೇಲೂ ನಡುಗಿದರೆ, ಇಲ್ಲವೇ ಆರಿಯೇ ಹೋದರೆ, ಟ್ಯೂಬ್, ಹೋಲ್ಡರ್ ಅಥವಾ ವೋಲ್ಟೇಜ್ ನೋಡಬೇಕು.

ತುದಿ ಕಪ್ಪಾಗುವುದು ಫಿಲಮೆಂಟಿನ ಲೇಪ ಆವಿಯಾಗಿ ಗಾಜಿಗೆ ಅಂಟುವುದರಿಂದ. ಲೇಪ ಮುಗಿದ ಟ್ಯೂಬನ್ನು ತಿರುಗಿಸಿ ಹಾಕಿದರೂ ಉಪಯೋಗವಿಲ್ಲ. ಮಲ್ಟಿಮೀಟರಿನಲ್ಲಿ ಒಂದು ತುದಿಯ ಎರಡು ಪಿನ್ ನಡುವೆ ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಫಿಲಮೆಂಟ್ ತುಂಡಾಗಿದೆ. ಆದರೆ ಓಮ್ ಬಂತು ಅಂದಮಾತ್ರಕ್ಕೆ ಟ್ಯೂಬ್ ಚೆನ್ನಾಗಿದೆ ಅಂತಲ್ಲ, ಲೇಪದ ಸ್ಥಿತಿ ಮೀಟರಿಗೆ ಕಾಣದು.

ಕೇಳಿದವರು: ಹೊಸ ಸ್ಟಾರ್ಟರ್ ಹಾಕಿದೆ. ಬೆಳಿಗ್ಗೆ ಬೇಗ ಹತ್ತುತ್ತೆ. ರಾತ್ರಿ ಮಾತ್ರ ಅದೇ ಕತೆ, ಸ್ಟಾರ್ಟರ್ ತೆಗೆದರೂ ನಡುಗುತ್ತೆ.

ವೈರಿಂಗ್ ಕೆಲಸದವರು: ಹಾಗಿದ್ದರೆ ವೋಲ್ಟೇಜ್ ನೋಡಿ. ರಾತ್ರಿ ಎಂಟರ ಹೊತ್ತಿಗೆ ಪ್ಲಗ್ಗಿನಲ್ಲಿ ಮೀಟರ್ ಇಡಿ. 230 ಇರಬೇಕಾದದ್ದು 180ರ ಕೆಳಗಿಳಿದರೆ ತಾಮ್ರದ ಚೋಕಿಗೆ ಕಷ್ಟ. ಹಳೇ ಟ್ಯೂಬೂ ಸೇರಿದರೆ ಹೀಗೇ ಆಗುವುದು. ಇನ್ನೊಂದು ವಿಷಯ, ಇದು ಮುಖ್ಯ: ಒಂದು ಕಡೆ ಲೈಟ್ ಮಂಕಾದಾಗ ಇನ್ನೊಂದು ಕಡೆ ಜೋರಾಗಿ ಉರಿದರೆ ನ್ಯೂಟ್ರಲ್ ಸಡಿಲವಾಗಿದೆ. ಟ್ಯೂಬಿನ ವಿಚಾರ ಬಿಡಿ, ಮೇನ್ ಆಫ್ ಮಾಡಿ ಲೈನ್‌ಮನ್ ಕರೆಸಿ. ಫ್ರಿಜ್, ಟಿವಿ ಸುಟ್ಟುಹೋಗುತ್ತವೆ.

ಹೋಲ್ಡರನ್ನೂ ಮರೆಯಬೇಡಿ. ಅಡುಗೆಮನೆಯ ಹಬೆ, ಎಣ್ಣೆ ಜಿಡ್ಡಿಗೆ ಒಳಗಿನ ಹಿತ್ತಾಳೆ ತಗಡು ಮಾಸಿ ಸಡಿಲವಾಗುತ್ತೆ. ಎಂಸಿಬಿ ಇಳಿಸಿ, ಟ್ಯೂಬಿನ ಪಿನ್ನನ್ನು ನುಣುಪಾದ ಉಜ್ಜುಕಾಗದದಲ್ಲಿ ಉಜ್ಜಿ ಹಾಕಿ. ಹೋಲ್ಡರ್ ಕಂದುಬಣ್ಣಕ್ಕೆ ತಿರುಗಿದ್ದರೆ ಸುಟ್ಟಿದೆ, ಬದಲಿಸಿ.

ಎಲೆಕ್ಟ್ರಿಕಲ್ ಅಂಗಡಿಯವರು: ವೋಲ್ಟೇಜ್ ದಿನವೂ ಇಳಿಯುವ ಕಡೆ ಹೊಸ ಟ್ಯೂಬಿಗೆ ದುಡ್ಡು ಹಾಕುವುದಕ್ಕಿಂತ ಎಲ್‌ಇಡಿ ಟ್ಯೂಬೇ ವಾಸಿ ಅಂತ ನನ್ನ ಅಭಿಪ್ರಾಯ. ಪಟ್ಟಿ ಬಿಸಾಡಬೇಕಿಲ್ಲ. ಟ್ಯೂಬಿನ ಮೇಲೆ ಯಾವ ತುದಿಗೆ ಸಪ್ಲೈ ಅಂತ ಅಚ್ಚಾಗಿರುತ್ತೆ. ಒಂದೇ ತುದಿಯ ಎರಡು ಪಿನ್ನಿಗೆ ಫೇಸ್, ನ್ಯೂಟ್ರಲ್ ಕೇಳುವುದು ಒಂದು ಥರ. ಒಂದು ತುದಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್ ಕೇಳುವುದು ಇನ್ನೊಂದು ಥರ. ಎರಡಕ್ಕೂ ಚೋಕನ್ನು ಬಿಚ್ಚಿ ವೈರ್ ನೇರ ಮಾಡಿ, ಸ್ಟಾರ್ಟರ್ ತೆಗೆದಿಡಿ. ಎರಡನೇ ಥರದ್ದನ್ನು ಕರೆಂಟ್ ಇರುವಾಗ ಒಂದು ತುದಿ ಸಿಕ್ಕಿಸಿದರೆ ಇನ್ನೊಂದು ತುದಿಯ ಪಿನ್ ಶಾಕ್ ಹೊಡೆಯಬಹುದು, ಜೋಪಾನ. ಚೋಕ್ ಇದ್ದ ಹಾಗೇ ಹಾಕುವ ಮೂರನೇ ಥರದ ಟ್ಯೂಬಿನ ಜೊತೆ ಸ್ಟಾರ್ಟರ್ ಜಾಗಕ್ಕೆ ಬೇರೊಂದು ಫ್ಯೂಸ್ ತುಂಡು ಕೊಟ್ಟಿರುತ್ತಾರೆ, ಅದನ್ನೇ ಬಳಸಿ.

ಎಲ್‌ಇಡಿ ಹಾಕಿದ ಮೇಲೆ ಸ್ವಿಚ್ ಆರಿಸಿದರೂ ಮಂದ ಬೆಳಕು ಉಳಿದರೆ ಟ್ಯೂಬ್ ವಾಪಸ್ ತರಬೇಡಿ. ಮೊದಲೇ ಹೇಳಿದ ಹಾಗೆ ಸ್ವಿಚ್ ನ್ಯೂಟ್ರಲ್‌ನಲ್ಲಿರಬೇಕು, ಇಲ್ಲವೇ ಸ್ವಿಚ್ಚಿನಲ್ಲೇ ಕೆಂಪು ಇಂಡಿಕೇಟರ್ ಇರಬೇಕು.

ಐಟಿಐ ಬೋಧಕರು: ತೆಗೆದ ಟ್ಯೂಬಿನಲ್ಲಿ ಪಾದರಸ ಇರುತ್ತೆ, ಕಸದ ಬುಟ್ಟಿಗೆ ಒಡೆದು ತುಂಬಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಕೈತಪ್ಪಿ ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಹೊರಗಿದ್ದು ಬನ್ನಿ. ಪೊರಕೆ ಹಾಕಿದರೆ ಪುಡಿ ಏಳುತ್ತೆ. ರಟ್ಟಿನಲ್ಲಿ ಬಳಿದು, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕವರಿನಲ್ಲಿ ಕಟ್ಟಿಡಿ.