‘ನನಗೆ ಯಾರೂ ತಿಳಿಸಿಲ್ಲ’ ಎಂದ ಶಿಕ್ಷಕರು, ತಿಳಿಸಬೇಕಾಗಿದ್ದ ಡಿಸ್ಟ್ರಿಕ್ಟ್

ಅಮೆರಿಕದಲ್ಲಿರುವ ನಮ್ಮ ಕನ್ನಡ ಪೋಷಕರ ಗುಂಪಿನ ಎಲ್ಲರಿಗೂ ನಮಸ್ಕಾರ.

ಮೊನ್ನೆ ಇಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆ ಎರಡು ದಿನದಿಂದ ನನ್ನ ಮನಸ್ಸಿನಲ್ಲೇ ಇದೆ. ಅವರ ಮಗ ಈ ವರ್ಷ ಆರನೆಯ ತರಗತಿಗೆ, ಅಂದರೆ ಮಿಡ್ಲ್ ಸ್ಕೂಲಿಗೆ ಬಂದಿದ್ದಾನೆ. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ಕಲಿಕೆಯ ತೊಡಕು ಇದೆ. ಶಾಲೆಯವರೇ ಪರೀಕ್ಷಿಸಿ ಐಇಪಿ, ಅಂದರೆ ಅವನಿಗೆಂದೇ ರೂಪಿಸಿದ ಶಿಕ್ಷಣ ಯೋಜನೆ ಬರೆದುಕೊಟ್ಟಿದ್ದಾರೆ. ಪರೀಕ್ಷೆಗೆ ಒಂದೂವರೆ ಪಟ್ಟು ಸಮಯ ಕೊಡಬೇಕು, ಪ್ರಶ್ನೆಗಳನ್ನು ಓದಿ ಹೇಳಬೇಕು ಎಂದು ಅದರಲ್ಲಿದೆ. ಆದರೂ ವಿಜ್ಞಾನದ ಶಿಕ್ಷಕರು ಮೂರು ಪರೀಕ್ಷೆಗಳಲ್ಲಿ ಎಲ್ಲರಿಗೂ ಕೊಟ್ಟಷ್ಟೇ ಸಮಯ ಕೊಟ್ಟು ಉತ್ತರಪತ್ರಿಕೆ ತೆಗೆದುಕೊಂಡಿದ್ದಾರೆ. ಕೇಳಿದಾಗ ‘ನನಗೆ ಯಾರೂ ತಿಳಿಸಿಲ್ಲ’ ಎಂದರಂತೆ. ತಾಯಿ ಇಲ್ಲಿ ಬರೆದ ಕೊನೆಯ ಸಾಲು ಹೀಗಿತ್ತು: ‘ಪ್ರತಿಯೊಬ್ಬ ಶಿಕ್ಷಕರಿಗೂ ನಾನೇ ಹೋಗಿ ಹೇಳಬೇಕಾಗಿತ್ತೇ? ತಪ್ಪು ನನ್ನದೇ?’

ತಪ್ಪು ನಿಮ್ಮದಲ್ಲ. ಶಿಕ್ಷಕರಿಗೆ ತಿಳಿಸುವ ಹೊಣೆ ಸ್ಕೂಲ್ ಡಿಸ್ಟ್ರಿಕ್ಟಿನದು, ಅಂದರೆ ಊರಿನ ಸಾರ್ವಜನಿಕ ಶಾಲೆಗಳನ್ನು ನಡೆಸುವ ಆಡಳಿತದ್ದು. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಕಾನೂನಿನಲ್ಲೇ ಇದೆ. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕಾಗಿ ಅಮೆರಿಕ 1975ರಲ್ಲಿ ಮಾಡಿದ ಕಾಯಿದೆಗೆ 1990ರಿಂದ ‘ಐಡಿಇಎ’ ಎಂಬ ಹೆಸರಿದೆ. ಅದರ ನಿಯಮಾವಳಿಯ 300.323ನೆಯ ನಿಯಮದ ‘ಡಿ’ ಭಾಗ ಎರಡು ವಿಷಯಗಳನ್ನು ಕಡ್ಡಾಯ ಮಾಡುತ್ತದೆ. ಮೊದಲನೆಯದು, ಮಗುವಿನ ಐಇಪಿ ಅದನ್ನು ಜಾರಿಗೆ ತರಬೇಕಾದ ಪ್ರತಿಯೊಬ್ಬರ ಕೈಗೂ ಸಿಗುವಂತಿರಬೇಕು. ಇದರಲ್ಲಿ ಸಾಮಾನ್ಯ ತರಗತಿಯ ಶಿಕ್ಷಕರು, ವಿಶೇಷ ಶಿಕ್ಷಕರು, ಥೆರಪಿಸ್ಟರು, ಬೇರೆ ಸೇವೆ ನೀಡುವವರು ಎಲ್ಲರೂ ಸೇರಿದ್ದಾರೆ. ಎರಡನೆಯದು ಇನ್ನೂ ಮುಖ್ಯ. ಆ ಐಇಪಿಯ ಪ್ರಕಾರ ತನ್ನ ಪಾಲಿನ ಕೆಲಸ ಯಾವುದು, ಈ ಮಗುವಿಗೆ ನಿರ್ದಿಷ್ಟವಾಗಿ ಯಾವ ಅನುಕೂಲ ಮಾಡಿಕೊಡಬೇಕು ಎಂಬುದನ್ನು ಅವರಲ್ಲಿ ಪ್ರತಿಯೊಬ್ಬರಿಗೂ ತಿಳಿಸಿರಬೇಕು. ‘ಕಂಪ್ಯೂಟರಿನಲ್ಲಿ ಹಾಕಿದ್ದೆವು, ಅವರು ತೆರೆದು ನೋಡಿಲ್ಲ’ ಎಂದರೆ ಮೊದಲನೆಯ ಷರತ್ತು ಪೂರೈಸಿರಬಹುದು, ಎರಡನೆಯದು ಪೂರೈಸಿಲ್ಲ.

ನಮ್ಮ ನ್ಯೂಜೆರ್ಸಿಯ ನಿಯಮ ಇನ್ನೂ ಒಂದು ಹೆಜ್ಜೆ ಮುಂದಿದೆ. ಶಿಕ್ಷಕರಿಗೆ ಅವರ ಹೊಣೆಯನ್ನು ತಿಳಿಸಲಾಗಿದೆ ಎಂಬುದಕ್ಕೆ ಡಿಸ್ಟ್ರಿಕ್ಟ್ ದಾಖಲೆ ಇಟ್ಟಿರಬೇಕು. ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು ಆ ದಾಖಲೆಯನ್ನು. ಮಗುವಿನ ಐಇಪಿಯನ್ನು ನೋಡಿಕೊಳ್ಳುವ ಕೇಸ್ ಮ್ಯಾನೇಜರ್‌ಗೆ ಇಮೇಲ್ ಬರೆದು, ವಿಜ್ಞಾನದ ಶಿಕ್ಷಕರಿಗೆ ಯಾವ ದಿನಾಂಕದಂದು ತಿಳಿಸಲಾಯಿತು ಎಂದು ಕೇಳಿ. ಫೋನಿನಲ್ಲಿ ಬೇಡ, ಬರಹದಲ್ಲೇ ಕೇಳಿ.

ನಾನು ಇಷ್ಟು ಕಟುವಾಗಿ ಹೇಳುವುದಕ್ಕೆ ನನ್ನ ಮಗಳು ಕಾರಣ. ಅವಳಿಗೆ ನಾಲ್ಕು ತುಂಬಿದ್ದಾಗ ಬೇಸಿಗೆ ರಜೆಗೆ ಮೈಸೂರಿಗೆ ಹೋಗಿದ್ದೆವು. ಹಿಂದಿನಿಂದ ಕೂಗಿದರೆ ಮಗು ತಿರುಗುವುದಿಲ್ಲ ಎಂದು ಮೊದಲು ಗಮನಿಸಿದವರು ನನ್ನ ಅತ್ತೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಗಳಲ್ಲಿ ಮಧ್ಯಮ ಪ್ರಮಾಣದ ಶ್ರವಣ ದೋಷವಿದೆ ಎಂದರು. ಇಲ್ಲಿಗೆ ಮರಳಿದ ಮೇಲೆ ಶ್ರವಣ ಸಾಧನ ಬಂತು, ಐಇಪಿ ಬಂತು. ತರಗತಿಯಲ್ಲಿ ಶಿಕ್ಷಕರು ಕೊರಳಿಗೆ ಒಂದು ಚಿಕ್ಕ ಮೈಕ್ ಹಾಕಿಕೊಂಡರೆ ಅವರ ಮಾತು ನೇರವಾಗಿ ಮಗಳ ಕಿವಿಗೆ ತಲುಪುವ ವ್ಯವಸ್ಥೆಯೂ ಬಂತು. ಎರಡು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು.

ಮೂರನೆಯ ತರಗತಿಯಲ್ಲಿ ಅವಳ ಶಿಕ್ಷಕಿ ಹೆರಿಗೆ ರಜೆಯ ಮೇಲೆ ಹೋದರು. ಅವರ ಬದಲಿಗೆ ಬಂದವರು ಒಳ್ಳೆಯವರೇ. ಆದರೆ ಆರು ವಾರ ಆ ಮೈಕ್ ಬೀರುವಿನೊಳಗೇ ಇತ್ತು. ಅದು ಏತಕ್ಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಗಳು ನಮಗೂ ಹೇಳಲಿಲ್ಲ, ಹೊಸ ಟೀಚರಿಗೆ ಬೇಸರವಾದೀತು ಎಂದುಕೊಂಡಳಂತೆ. ಸಂಜೆ ಮನೆಗೆ ಬಂದವಳೇ ಕಿವಿಯ ಸಾಧನ ಕಿತ್ತಿಟ್ಟು, ಊಟವನ್ನೂ ಮಾಡದೆ ಮಲಗಿಬಿಡುತ್ತಿದ್ದಳು. ಅರ್ಧಂಬರ್ಧ ಕೇಳಿಸುವ ಮಾತನ್ನು ದಿನವಿಡೀ ತುಟಿ ನೋಡಿ ಪೂರ್ತಿ ಮಾಡಿಕೊಳ್ಳುವುದು ದೊಡ್ಡವರಿಗೂ ದಣಿವಿನ ಕೆಲಸ. ನಾವು ಅದನ್ನು ಹಟ ಎಂದುಕೊಂಡೆವು. ಅಷ್ಟರಲ್ಲಿ ಪ್ರಗತಿ ಪತ್ರ ಬಂತು. ವ್ಯಾಯಾಮ ಶಿಕ್ಷಕರು ಅದರಲ್ಲಿ ‘ಸೂಚನೆಗಳನ್ನು ಪಾಲಿಸುವುದಿಲ್ಲ’ ಎಂದು ಬರೆದಿದ್ದರು. ಆಟದ ಅಂಗಳದ ಆ ತುದಿಯಿಂದ ಅವರು ಕೂಗುತ್ತಿದ್ದುದು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಅವರಿಗೂ ಯಾರೂ ತಿಳಿಸಿರಲಿಲ್ಲ. ಆ ಸಾಲು ಓದಿದ ರಾತ್ರಿ ನಾನು ಮಲಗಲಿಲ್ಲ. ಐಇಪಿಗೆ ಸಹಿ ಹಾಕಿದ ದಿನವೇ ಎಲ್ಲ ಮುಗಿಯಿತು ಎಂದುಕೊಂಡಿದ್ದೆ.

ಮರುದಿನ ಕಚೇರಿಗೆ ಹೋದಾಗ ಸಿಕ್ಕ ಉತ್ತರ ಇನ್ನೂ ವಿಚಿತ್ರವಾಗಿತ್ತು. ಮಗುವಿನ ಮಾಹಿತಿ ಗೋಪ್ಯವಾದದ್ದು, ಬದಲಿ ಶಿಕ್ಷಕರ ಕಡತದಲ್ಲಿ ಇಡುವಂತಿಲ್ಲ ಎಂದರು. ಈ ಮಾತು ನಿಮ್ಮಲ್ಲಿ ಅನೇಕರಿಗೆ ಎದುರಾಗುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗೆ ಇಲ್ಲಿ ‘ಫರ್ಪಾ’ ಎಂಬ 1974ರ ಕಾಯಿದೆ ಇದೆ. ಹೊರಗಿನವರಿಗೆ ದಾಖಲೆ ಕೊಡಬೇಕಾದರೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು. ಆದರೆ ಮಗುವಿಗೆ ಕಲಿಸುವ ಕೆಲಸಕ್ಕಾಗಿ ಆ ಮಾಹಿತಿ ಅಗತ್ಯವಿರುವ ಶಾಲಾ ಸಿಬ್ಬಂದಿಗೆ ಒಪ್ಪಿಗೆಯಿಲ್ಲದೆಯೇ ಅದನ್ನು ನೀಡಲು ಅದೇ ಕಾಯಿದೆ ಅವಕಾಶ ಕೊಡುತ್ತದೆ. ಮಗುವಿನ ಗುಟ್ಟನ್ನು ಊರಿಗೆ ಸಾರಬಾರದು, ಅದು ನಿಜ. ಆದರೆ ಪಾಠ ಮಾಡುವವರಿಂದಲೇ ಅದನ್ನು ಮುಚ್ಚಿಡುವುದಕ್ಕೆ ಗೋಪ್ಯತೆ ನೆಪವಾಗುವುದಿಲ್ಲ.

ಆಮೇಲೆ ಇಂಥ ಮಕ್ಕಳ ಪೋಷಕರಿಗೆ ಮಾಹಿತಿ ಕೊಡುವ ರಾಜ್ಯದ ಪೋಷಕರ ಕೇಂದ್ರಕ್ಕೆ ಕರೆ ಮಾಡಿದೆ. ಐಡಿಇಎ ಅಡಿಯಲ್ಲಿ ಪ್ರತಿ ರಾಜ್ಯದಲ್ಲೂ ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಇಂಥ ಕೇಂದ್ರ ಒಂದಾದರೂ ಇದೆ. ನಮ್ಮಲ್ಲಿ ಅದು ‘ಸ್ಪ್ಯಾನ್’. ಅಲ್ಲಿ ಮಾತನಾಡಿದ ಮೇಲೆ ನಿಯಮಗಳನ್ನು ಕುಳಿತು ಓದಿದೆ, ಮೂರು ಸಾಲುಗಳು ಸಿಕ್ಕವು. ಶಾಲೆಯಲ್ಲಿ ಮಗು ಧರಿಸುವ ಶ್ರವಣ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳುವುದು ಡಿಸ್ಟ್ರಿಕ್ಟಿನ ಕರ್ತವ್ಯ ಎಂಬ ಪ್ರತ್ಯೇಕ ನಿಯಮವೇ ಇದೆ, 300.113. ಸಹಾಯಕ ತಂತ್ರಜ್ಞಾನದ ಸೇವೆ ಎಂದರೆ ಉಪಕರಣ ಕೊಡುವುದಷ್ಟೇ ಅಲ್ಲ, ಅದನ್ನು ಬಳಸಬೇಕಾದ ಶಿಕ್ಷಕರಿಗೆ ಕಲಿಸುವುದೂ ಅದರಲ್ಲಿ ಸೇರಿದೆ. ಮೂರನೆಯದನ್ನು ದಯವಿಟ್ಟು ಎಲ್ಲರೂ ಬರೆದಿಟ್ಟುಕೊಳ್ಳಿ. ಐಇಪಿಯಲ್ಲಿ ಮಗುವಿಗೆ ಕೊಡುವ ನೆರವಿನ ಜೊತೆಗೆ ಶಾಲಾ ಸಿಬ್ಬಂದಿಗೆ ಕೊಡುವ ನೆರವನ್ನೂ ನಮೂದಿಸಬೇಕು. ಅಂದರೆ ಶಿಕ್ಷಕರಿಗೆ ಯಾವ ತರಬೇತಿ, ಯಾರಿಂದ, ಯಾವಾಗ ಎಂಬುದನ್ನು ಆ ಕಾಗದದಲ್ಲೇ ಬರೆಸಬಹುದು. ಅನೇಕರ ಐಇಪಿಯಲ್ಲಿ ಆ ಜಾಗ ಖಾಲಿ ಇರುತ್ತದೆ. ನಮ್ಮದರಲ್ಲೂ ಖಾಲಿಯೇ ಇತ್ತು.

ಈಗ ಖಾಲಿ ಇಲ್ಲ. ಶಾಲೆ ಶುರುವಾಗುವ ಮೊದಲ ವಾರದಲ್ಲೇ ಶ್ರವಣ ದೋಷವುಳ್ಳ ಮಕ್ಕಳ ವಿಶೇಷ ಶಿಕ್ಷಕರು ಅವಳ ಎಲ್ಲ ಶಿಕ್ಷಕರಿಗೂ ಅರ್ಧ ಗಂಟೆ ತರಬೇತಿ ಕೊಡಬೇಕು, ಹೊಸಬರು ಬಂದರೆ ಎರಡು ದಿನದೊಳಗೆ ಕೊಡಬೇಕು, ಬದಲಿ ಶಿಕ್ಷಕರ ಕಡತದಲ್ಲಿ ಒಂದು ಪುಟದ ಸೂಚನೆ ಇರಬೇಕು, ಬೆಳಿಗ್ಗೆ ಸಾಧನ ಪರೀಕ್ಷಿಸಿ ಗುರುತು ಹಾಕಬೇಕು ಎಂದು ಬರೆದಿದೆ. ಇದನ್ನೆಲ್ಲ ಬರೆಸಿದ ಐಇಪಿ ಸಭೆಯಲ್ಲಿ ವ್ಯಾಯಾಮ ಶಿಕ್ಷಕರು ಎದ್ದು ಬಂದು ಮಗಳ ಕ್ಷಮೆ ಕೇಳಿದರು. ಅಂದಿನಿಂದ ಸೀಟಿಯ ಜೊತೆಗೆ ಕೈಸನ್ನೆಯನ್ನೂ ಮಾಡುತ್ತಿದ್ದರು. ಅವರಿಗೆ ಮೊದಲೇ ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದರು.

ಅದಕ್ಕೇ, ಈ ಗುಂಪಿನಲ್ಲಿ ಶಿಕ್ಷಕಿಯಾಗಿರುವ ಒಬ್ಬರು ನಿನ್ನೆ ಬರೆದದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಿಡ್ಲ್ ಸ್ಕೂಲಿನ ಶಿಕ್ಷಕರ ಎದುರು ದಿನಕ್ಕೆ ನೂರಕ್ಕೂ ಹೆಚ್ಚು ಮಕ್ಕಳು ಬಂದು ಹೋಗುತ್ತಾರೆ, ಸೆಪ್ಟೆಂಬರಿನಲ್ಲಿ ಒಂದೊಂದೂ ಇಪ್ಪತ್ತು ಮೂವತ್ತು ಪುಟದ ಐಇಪಿಗಳ ರಾಶಿ ಬೀಳುತ್ತದೆ, ಕುಳಿತು ಓದಲು ಸಮಯ ಕೊಡುವವರಿಲ್ಲ ಎಂದಿದ್ದರು. ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಶಿಕ್ಷಕಿಗೆ ತಿಳಿದರೆ ಬಹುಪಾಲು ಕೆಲಸ ಆಗುತ್ತಿತ್ತು. ಆರನೆಯ ತರಗತಿಯಲ್ಲಿ ಆರೇಳು ಜನರಿಗೆ ತಿಳಿಯಬೇಕು. ಈ ಪ್ರಶ್ನೆ ಕೇಳಿದ ತಾಯಿಯ ಮಗನಿಗೆ ಆಗಿರುವುದು ಬಹುಶಃ ಇದೇ. ಶಿಕ್ಷಕರ ಮೇಲೆ ಹರಿಹಾಯಬೇಡಿ. ತಿಳಿಸುವ ವ್ಯವಸ್ಥೆ, ಓದುವ ಸಮಯ, ತರಬೇತಿ ಇವುಗಳನ್ನು ಒದಗಿಸಬೇಕಾದವರು ಮೇಲಿನವರು.

ತಿಳಿದ ಮೇಲೂ ಮಾಡದಿದ್ದರೆ ಮಾತು ಬೇರೆ. ವೆಸ್ಟ್ ವರ್ಜೀನಿಯಾದಲ್ಲಿ ಕಲಿಕಾ ನ್ಯೂನತೆಯಿದ್ದ ಒಬ್ಬ ಪ್ರೌಢಶಾಲಾ ವಿದ್ಯಾರ್ಥಿಗೆ ಪರೀಕ್ಷೆಯನ್ನು ಮೌಖಿಕವಾಗಿ ನಡೆಸಬೇಕು ಎಂದು ನಿಗದಿಯಾಗಿತ್ತು. ಉಳಿದ ಶಿಕ್ಷಕರು ಹಾಗೆಯೇ ಮಾಡಿದರೂ ಇತಿಹಾಸದ ಶಿಕ್ಷಕರು ಮಾತ್ರ ಒಪ್ಪಲಿಲ್ಲ, ಹುಡುಗ ಆ ವಿಷಯದಲ್ಲಿ ಅನುತ್ತೀರ್ಣನಾದ. 1993ರಲ್ಲಿ ಅಲ್ಲಿನ ಜ್ಯೂರಿ ಆ ಶಿಕ್ಷಕರ ಮೇಲೆಯೇ 5,000 ಡಾಲರ್ ಪರಿಹಾರ, 10,000 ಡಾಲರ್ ದಂಡರೂಪದ ಪರಿಹಾರ ವಿಧಿಸಿತು. ಇಂಥ ತೀರ್ಪು ಅಪರೂಪ. ಆದರೂ ಐಇಪಿ ಎಂಬುದು ಸಲಹೆಯ ಪಟ್ಟಿಯಲ್ಲ ಎಂದು ತೋರಿಸಲು ಅದೊಂದೇ ಸಾಕು.

ಐಇಪಿ ಇಲ್ಲದೆ 504 ಯೋಜನೆ (ಅಂಗವೈಕಲ್ಯ ಅಥವಾ ಕಾಯಿಲೆಯಿರುವ ಮಗುವಿಗೆ ಶಾಲೆ ಮಾಡಿಕೊಡಬೇಕಾದ ಅನುಕೂಲಗಳ ಯೋಜನೆ) ಮಾತ್ರ ಇರುವ ಮಕ್ಕಳ ಬಗ್ಗೆಯೂ ಕೆಲವರು ಕೇಳಿದ್ದೀರಿ. ಅಲ್ಲಿ ಅನ್ವಯಿಸುವುದು 1973ರ ಪುನರ್ವಸತಿ ಕಾಯಿದೆಯ 504ನೆಯ ಸೆಕ್ಷನ್. ಮಧುಮೇಹ, ಮೂರ್ಛೆ ರೋಗ, ತೀವ್ರ ಅಲರ್ಜಿ, ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಇರುವ ಅನೇಕ ಮಕ್ಕಳು ಅದರ ಅಡಿಯಲ್ಲಿ ಬರುತ್ತಾರೆ. ಹದಿನೈದು ಅಥವಾ ಹೆಚ್ಚು ನೌಕರರಿರುವ ಡಿಸ್ಟ್ರಿಕ್ಟ್ ಇದಕ್ಕಾಗಿ ಒಬ್ಬ ಸಂಯೋಜಕರನ್ನು ನೇಮಿಸಬೇಕು, ದೂರು ಕೇಳುವ ಕ್ರಮ ಇಟ್ಟಿರಬೇಕು. ಅಂಗವೈಕಲ್ಯದ ಆಧಾರದ ಮೇಲೆ ತಾರತಮ್ಯ ಮಾಡುವುದಿಲ್ಲ ಎಂಬುದನ್ನು, ಆ ಸಂಯೋಜಕರು ಯಾರು ಎಂಬುದನ್ನು ವಿದ್ಯಾರ್ಥಿಗಳಿಗೆ ಮತ್ತು ಪೋಷಕರಿಗೆ ಮಾತ್ರವಲ್ಲ, ತನ್ನ ನೌಕರರಿಗೂ ತಿಳಿಸಬೇಕು. ಕಾಯಿದೆ ಬಂದು ಮೂರೂವರೆ ವರ್ಷವಾದರೂ ಈ ನಿಯಮಗಳಿಗೆ ಸರ್ಕಾರ ಸಹಿ ಹಾಕಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಮೂರು ವಾರಕ್ಕೂ ಹೆಚ್ಚು ಕಾಲ ಗಾಲಿಕುರ್ಚಿಗಳ ಸಮೇತ ಕುಳಿತು ಪಡೆದದ್ದು ಆ ಸಹಿಯನ್ನು. ನಮ್ಮವರು ಶಾಲೆಯಲ್ಲಿ ‘ನಿಮ್ಮಿಂದ ದೊಡ್ಡ ಉಪಕಾರವಾಯಿತು’ ಎಂದು ಕೈ ಮುಗಿಯುವುದನ್ನು ನೋಡಿದಾಗಲೆಲ್ಲ ನನಗೆ ಆ ಜನ ನೆನಪಾಗುತ್ತಾರೆ.

‘ಗಲಾಟೆ ಮಾಡಿದರೆ ಮಗುವಿಗೆ ಹಣೆಪಟ್ಟಿ ಅಂಟಿಸುತ್ತಾರೆ, ನಾವು ವೀಸಾದ ಮೇಲೆ ಇರುವವರು’ ಎಂದು ಒಬ್ಬರು ಬರೆದಿದ್ದರು. ಈ ಭಯ ನನಗೆ ಗೊತ್ತು, ನಾವೂ ಎಚ್-1ಬಿ ಮೇಲೆಯೇ ಇದ್ದೆವು. ಆದರೆ ಸಾರ್ವಜನಿಕ ಶಾಲೆಯಲ್ಲಿ ಈ ಹಕ್ಕುಗಳು ತಂದೆತಾಯಿಯ ವೀಸಾವನ್ನು ಅವಲಂಬಿಸಿಲ್ಲ. ದಾಖಲೆಗಳೇ ಇಲ್ಲದ ಮಕ್ಕಳಿಗೂ ಸಾರ್ವಜನಿಕ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಹಕ್ಕು ಕೇಳಿದ್ದಕ್ಕಾಗಿ ಸೇಡು ತೀರಿಸಿಕೊಳ್ಳುವುದನ್ನು 504ರ ನಿಯಮಗಳೇ ನಿಷೇಧಿಸಿವೆ. ಇನ್ನು ಹಣೆಪಟ್ಟಿ: ‘ಸೂಚನೆಗಳನ್ನು ಪಾಲಿಸುವುದಿಲ್ಲ’ ಎಂಬುದೂ ಒಂದು ಹಣೆಪಟ್ಟಿಯೇ. ನನ್ನ ಮಗಳಿಗೆ ಅದು ಅಂಟಿದ್ದು ಶಿಕ್ಷಕರಿಗೆ ವಿಷಯ ತಿಳಿಯದೆ ಇದ್ದುದರಿಂದ.

ಬರೆದು ಕೇಳಿದ ಮೇಲೂ ಸರಿಹೋಗದಿದ್ದರೆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು. ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು, ಅವರು ಸಾಮಾನ್ಯವಾಗಿ 60 ದಿನದಲ್ಲಿ ತೀರ್ಮಾನ ಹೇಳಬೇಕು. ವಕೀಲರು ಬೇಕಿಲ್ಲ, ಖರ್ಚಿಲ್ಲ. ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನದೊಳಗೆ ದೂರು ಕೊಡುವ ದಾರಿಯೂ ಇದೆ. ಆದರೆ 2025ರ ಮಾರ್ಚ್‌ನಲ್ಲಿ ಅದರ ಹನ್ನೆರಡು ಪ್ರಾದೇಶಿಕ ಕಚೇರಿಗಳಲ್ಲಿ ಏಳನ್ನು ಮುಚ್ಚುವ ನಿರ್ಧಾರ ಮಾಡಿದರು. ಐಇಪಿ ಇರುವವರು ಮೊದಲು ರಾಜ್ಯದ ದಾರಿಯನ್ನೇ ಹಿಡಿಯುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು, ಇಂಗ್ಲಿಷಿನಲ್ಲಿ ಮಾತನಾಡಲು ಹಿಂಜರಿಯುವ ತಾಯಂದಿರಿಗೆ. ಐಇಪಿ ಸಭೆಯಲ್ಲಿ ನಡೆಯುವುದು ನಿಮಗೆ ಅರ್ಥವಾಗುವಂತೆ ನೋಡಿಕೊಳ್ಳುವುದೂ ಡಿಸ್ಟ್ರಿಕ್ಟಿನ ಕರ್ತವ್ಯ, ಅಗತ್ಯವಿದ್ದರೆ ದುಭಾಷಿಯನ್ನು ಅವರೇ ಕರೆಸಬೇಕು. ಕನ್ನಡದ ದುಭಾಷಿ ಬೇಕು ಎಂದು ಕೆಲವು ದಿನ ಮೊದಲೇ ಬರೆದು ತಿಳಿಸಿ. ಗಂಡ ಕೆಲಸಕ್ಕೆ ರಜೆ ಹಾಕಿ ಬಂದರೆ ಮಾತ್ರ ಸಭೆ ಎಂದು ತಿಂಗಳುಗಟ್ಟಲೆ ಮುಂದೂಡಿದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ ಕೇಳಿದ ತಾಯಿಗೆ: ಆ ಮೂರು ಪರೀಕ್ಷೆಗಳನ್ನು ಐಇಪಿಯಲ್ಲಿರುವಂತೆ ಮತ್ತೆ ನಡೆಸಿ ಎಂದು ಇಂದೇ ಬರೆಯಿರಿ. ಎಲ್ಲ ಶಿಕ್ಷಕರಿಗೂ ತಿಳಿಸಿದ ದಿನಾಂಕಗಳನ್ನು ಅದೇ ಪತ್ರದಲ್ಲಿ ಕೇಳಿ. ಸಿಬ್ಬಂದಿಯ ತರಬೇತಿಯನ್ನು ಐಇಪಿಯಲ್ಲಿ ಸೇರಿಸಲು ಸಭೆ ಕರೆಯಿರಿ. ಮಗುವನ್ನು ಬಲ್ಲವರನ್ನು ಜೊತೆಗೆ ಕರೆತರುವ ಹಕ್ಕು ಪೋಷಕರಿಗಿದೆ. ನಿಮ್ಮ ಊರು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಈ ಶನಿವಾರ ಮಗನನ್ನು ಕರೆದುಕೊಂಡು ಮನೆಗೆ ಬನ್ನಿ, ನನ್ನ ಮಗಳೂ ಇರುತ್ತಾಳೆ. ಪತ್ರವನ್ನು ಕೂತು ಬರೆಯೋಣ. ಸಭೆಯ ದಿನಾಂಕ ಗೊತ್ತಾದ ಕೂಡಲೇ ತಿಳಿಸಿ, ನಿಮ್ಮ ಪಕ್ಕದ ಕುರ್ಚಿಯಲ್ಲಿ ನಾನು ಇರುತ್ತೇನೆ.