ಹಳೇ ಅಲ್ಯೂಮಿನಿಯಂ ದೋಣಿಗೆ ಪಾಲಿಶ್ ಬೇಕಾ?

ಪ್ರಶ್ನೆ: ಸರ್, ನಾವು ಬ್ರಿಸ್ಬೇನ್‌ನಲ್ಲಿದ್ದೇವೆ. ಮೀನು ಹಿಡಿಯೋಕೆ ಅಂತ ಒಂದು ಹಳೇ ಟಿನ್ನಿ, ಅಂದರೆ ಚಿಕ್ಕ ಅಲ್ಯೂಮಿನಿಯಂ ದೋಣಿ ತಗೊಂಡಿದ್ದೇನೆ. ಮೊರೆಟನ್ ಕೊಲ್ಲಿಯ ಉಪ್ಪು ನೀರಿನಲ್ಲಿ ಓಡಾಡಿದ್ದು. ಪೇಂಟ್ ಇಲ್ಲ. ಹೊರಗೆಲ್ಲ ಬೂದು ಬಣ್ಣ, ಒಳಗೆ ತಳದಲ್ಲಿ ಬಿಳಿ ಪುಡಿ, ಸಣ್ಣ ಸಣ್ಣ ಗುಳಿ. ವೈರ್ ಬ್ರಷ್‌ನಲ್ಲಿ ಉಜ್ಜಿ, ಪಾಲಿಶ್ ಮಾಡಿ, ಕ್ಲಿಯರ್ ಲ್ಯಾಕರ್ ಹೊಡೆದರೆ ಸಾಕಾ?

ಉತ್ತರ: ಮೂರೂ ಬೇಡ. ಆ ಬೂದು ಬಣ್ಣ ಕೊಳೆ ಅಲ್ಲ. ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ತೆಳ್ಳಗೆ ಆಕ್ಸೈಡ್ ಪದರ ಕಟ್ಟುತ್ತದೆ. ದೋಣಿಯನ್ನು ಕಾಯುವುದು ಅದೇ. ಪಾಲಿಶ್ ಹೊಳಪು ಉಪ್ಪು ನೀರಿನಲ್ಲಿ ಬೇಗ ಮಂಕಾಗುತ್ತದೆ, ಸುಮ್ನೆ ಶ್ರಮ. ಲ್ಯಾಕರ್ ಒಂದು ಕಡೆ ಗೀರಿದರೂ ಸಾಕು, ಅಡಿಯಲ್ಲಿ ಉಪ್ಪು ನುಸುಳಿ ಹುಳ ಹರಿದ ಹಾಗೆ ತುಕ್ಕು ಹಬ್ಬುತ್ತದೆ. ಸ್ಟೀಲ್ ವೈರ್ ಬ್ರಷ್‌ನ ಕಬ್ಬಿಣದ ಕಣಗಳು ಲೋಹದಲ್ಲೇ ಕೂತುಬಿಡುತ್ತವೆ.

ನೈಲಾನ್ ಬ್ರಷ್, ಸೋಪು ನೀರು ಸಾಕು. ಕಲೆ ಹೋಗದಿದ್ದರೆ ಫಾಸ್ಫರಿಕ್ ಆಸಿಡ್ ಇರುವ ಅಲ್ಯೂಮಿನಿಯಂ ಕ್ಲೀನರ್ ಬಳಸಿ. ನೆರಳಿನಲ್ಲಿ ಮಾಡಿ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಳ್ಳಿ, ಒಣಗುವ ಮೊದಲೇ ತೊಳೆಯಿರಿ. ಬ್ಲೀಚ್, ಕಾಸ್ಟಿಕ್ ಸೋಡಾ, ಟಾಯ್ಲೆಟ್ ಆಸಿಡ್ ಹತ್ತಿರವೂ ತರಬೇಡಿ.

ನನಗೆ ಚಿಂತೆ ಇರುವುದು ಆ ಗುಳಿಗಳದ್ದೇ. ಒಳಗೆ ಕಾಲಿಡುವ ಕಡೆ ಏನು ಹಾಸಿದ್ದಾರೆ?

ಪ್ರಶ್ನೆ: ಪ್ಲೈವುಡ್ ಸರ್, ಸ್ವಲ್ಪ ಹಸಿರು ಛಾಯೆ ಇದೆ. ಅದರ ಮೇಲೆ ಕಾರ್ಪೆಟ್.

ಉತ್ತರ: ಅಲ್ಲೇ ಇರಬೇಕು ತೊಂದರೆ. ಮರ ಕೊಳೆಯದಿರಲಿ ಅಂತ ತಾಮ್ರ ಸೇರಿದ ರಾಸಾಯನಿಕ ಹಾಕಿದ ಪ್ಲೈವುಡ್‌ಗೆ ಆ ಬಣ್ಣ ಬರುತ್ತದೆ. ಒದ್ದೆಯಾದಾಗ ತಾಮ್ರ ಕೆಳಗಿಳಿದು ಅಲ್ಯೂಮಿನಿಯಂ ತಿನ್ನುತ್ತದೆ. ಕಾರ್ಪೆಟ್ ಅದನ್ನು ಆರಲು ಬಿಡುವುದಿಲ್ಲ. ಎರಡನ್ನೂ ಕಿತ್ತುಹಾಕಿ. ತಳದಲ್ಲಿ ಬಿದ್ದ ತಂತಿ ಚೂರು, ಗಾಳಕ್ಕೆ ಕಟ್ಟುವ ಸೀಸದ ಗುಂಡು, ನಾಣ್ಯ ಎಲ್ಲ ಹೆಕ್ಕಿ ತೆಗೆಯಿರಿ. ತೆಳು ತಗಡಿಗೆ ತೂತು ಬೀಳಿಸಲು ಉಪ್ಪು ನೀರಿನಲ್ಲಿ ಕೂತ ಒಂದು ನಾಣ್ಯ ಸಾಕು. ಸ್ಟೇನ್‌ಲೆಸ್ ಬೋಲ್ಟ್‌ಗಳಿಗೆ ನೈಲಾನ್ ವಾಷರ್ ಹಾಕಿ, ಎರಡು ಲೋಹ ನೇರ ತಾಗದಂತೆ ತಡೆಯುವ ಡ್ಯೂರಾಲ್ಯಾಕ್ ಎಂಬ ಪೇಸ್ಟ್ ಹಚ್ಚಿ ಬಿಗಿಯಿರಿ. ಪ್ರತಿ ಸಲ ಬಂದ ಮೇಲೆ ಒಳಗೂ ಸಿಹಿನೀರಿನಲ್ಲಿ ತೊಳೆದು, ನೀರು ಬಸಿಯುವ ಬಿರಡೆ ತೆಗೆದು, ಮೂತಿ ಮೇಲೆತ್ತಿ ನಿಲ್ಲಿಸಿ.

ಪ್ರಶ್ನೆ: ಪೇಂಟ್ ಬೇಡವೇ ಬೇಡ್ವಾ? ಈಗಾಗಲೇ ತೂತಾಗಿದ್ದರೆ ತಿಳಿಯೋದು ಹೇಗೆ?

ಉತ್ತರ: ಟ್ರೇಲರ್ ಮೇಲೇ ಇಡುತ್ತೀರಿ ಅಂದರೆ ಪೇಂಟ್ ಬೇಕಿಲ್ಲ. ನೀರಿನಲ್ಲೇ ಬಿಡುವುದಾದರೆ ಎಪಾಕ್ಸಿ ಪ್ರೈಮರ್ ಬೇಕು, ಪಾಚಿ ತಡೆಯುವ ಪೇಂಟ್‌ನಲ್ಲಿ ತಾಮ್ರ ಇರಲೇಬಾರದು. ಪರೀಕ್ಷೆಗೆ ಟ್ರೇಲರ್ ಮೇಲಿದ್ದಾಗಲೇ ಒಳಗೆ ಎರಡು ಬೆರಳು ನೀರು ನಿಲ್ಲಿಸಿ, ಜಿನುಗುವ ಕಡೆ ಹೊರಗಿನಿಂದ ಮಾರ್ಕರ್‌ನಲ್ಲಿ ಗುರುತು ಹಾಕಿ. ಪೆನ್ಸಿಲ್ ಬೇಡ, ಗ್ರಾಫೈಟ್ ಕೂಡ ಅಲ್ಯೂಮಿನಿಯಂ ತಿನ್ನುತ್ತದೆ. ಗುಳಿ ಆಳವಾಗಿದ್ದರೆ ಅಲ್ಯೂಮಿನಿಯಂ ವೆಲ್ಡರ್‌ಗೆ ತೋರಿಸಿದ ಮೇಲೆಯೇ ನೀರಿಗಿಳಿಸಿ. ಎಪಾಕ್ಸಿ ಪುಟ್ಟಿ ಮೆತ್ತಿಕೊಂಡು ಕೊಲ್ಲಿಗೆ ಹೋಗಬೇಡಿ.