ಹೇಳ್ಕೊಳ್ಳಾಕ ನಾಚಿಕಿ ಬರೋ ಖರ್ಚು: ಈ ವಾರದ ಪ್ರಶ್ನೋತ್ತರ

ನಿರ್ವಾಹಕರು: ಕೈ ಬಿಗಿ ಹಿಡಿದು ಸಂಸಾರ ನಡೆಸುವವರ ಮನೆಯಲ್ಲೂ ಯಾರಿಗೂ ಹೇಳದ ಒಂದು ಖರ್ಚು ಇದ್ದೇ ಇರುತ್ತದೆ. ಅಂಥ ಪ್ರಶ್ನೆಗಳನ್ನು ಹೆಸರಿಲ್ಲದೆ ಕಳಿಸಿ ಎಂದಿದ್ದೆವು. ಹುಬ್ಬಳ್ಳಿಯಲ್ಲಿ ಮನೆ ಹಣಕಾಸಿನ ಸಲಹೆ ಕೊಡುವ ಮೇಡಂ ಉತ್ತರಿಸಿದ್ದಾರೆ. ದಿನಸಿಯ ಪ್ರಶ್ನೆಗೆ ಹಾವೇರಿಯ ಕಿರಾಣಿ ಹೋಲ್‌ಸೇಲ್ ವ್ಯಾಪಾರಿಯೊಬ್ಬರು ಉತ್ತರ ಬರೆದಿದ್ದಾರೆ.

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ಯಜಮಾನ್ರ ಪಗಾರ 34,000. ದುರ್ಗದಬೈಲಿನ್ಯಾಗ ಕೊತಂಬ್ರಿ ಸಿವುಡಿಗೂ ಚೌಕಾಸಿ ಮಾಡ್ತೀನಿ, ಆಟೋ ಬಿಟ್ಟು ನಡದ ಬರ್ತೀನಿ. ಆದ್ರ ಓಣ್ಯಾಗ ಸೀರಿ ಮಾರಾಕ ಬರೋ ಅಕ್ಕನ ಹತ್ರ ಕಂತಿನ ಮ್ಯಾಲೆ ಸೀರಿ ತಗೊಳ್ಳೋದು ಬಿಡಾಕ ಆಗವಲ್ದು. ಈಗ ಮೂರು ಸೀರಿ ಕಂತು ಒಮ್ಮೆಲೆ ನಡದಾವ, ಒಂದಕ್ಕ ವಾರಕ್ಕ 260ರಂಗ ಹತ್ತು ವಾರ. ಅಂಗಡ್ಯಾಗ ಅಂಥಾ ಸೀರಿ 1,800ಕ್ಕ ಸಿಗತೈತಿ. ಖರ್ಚಿನ ವಹಿಯೊಳಗ ಇದನ್ನ 'ಕಿರಾಣಿ' ಅಂತ ಬರೀತೀನಿ. ಹೆಂಗ ಬಿಡ್ಲಿ?

ಉತ್ತರ: ಅಕ್ಕಾರ, ಸೀರೆ ಬಿಡಬೇಕಾಗಿಲ್ಲ. ಬಿಡಬೇಕಾದ್ದು ಕಂತು, ಮತ್ತು ವಹಿಯಲ್ಲಿ ಬರೆಯುವ 'ಕಿರಾಣಿ' ಅನ್ನೋ ಸುಳ್ಳು ಹೆಸರು.

ಮೊದಲು ಕಂತಿನ ಲೆಕ್ಕ. 1,800ರ ಸೀರೆಗೆ ನೀವು ಕೊಡುವುದು 2,600, ಅಂದರೆ 800 ಹೆಚ್ಚು. ಆ 1,800 ಹತ್ತು ವಾರವೂ ನಿಮ್ಮ ಮೇಲೆ ಬಾಕಿ ಇರುವುದಿಲ್ಲ, ವಾರವಾರ 260 ತೀರುತ್ತಾ ಹೋಗುತ್ತದೆ. ತೀರಿದ್ದನ್ನು ಕಳೆದು, ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ನೂರಕ್ಕೆ ಏಳು ರೂಪಾಯಿಗೂ ಹೆಚ್ಚು ಬಡ್ಡಿ ಬೀಳುತ್ತದೆ, ಅದೂ ತಿಂಗಳಿಗಲ್ಲ, ವಾರಕ್ಕೆ. ಕೈಗಡಕ್ಕೆ ತಿಂಗಳಿಗೆ ನೂರಕ್ಕೆ ಐದು ಕೇಳಿದರೆ ನಾವು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಇಲ್ಲಿ ಸೀರೆಯ ರೇಟಿನೊಳಗೇ ಸೇರಿಕೊಂಡಿರುವುದರಿಂದ ಅದು ಬಡ್ಡಿ ಅನ್ನಿಸುವುದೇ ಇಲ್ಲ.

ಮೂರು ಸೀರೆಗೆ ವಾರಕ್ಕೆ 780, ತಿಂಗಳಿಗೆ ಸುಮಾರು 3,380. ಪಗಾರದ ಹತ್ತನೇ ಒಂದು ಪಾಲು. ಇದು ಕಿರಾಣಿ ಖಾತೆಯಲ್ಲಿ ಕೂತಾಗ ಏನಾಗುತ್ತದೆ ನೋಡಿ: ತಿಂಗಳ ಕೊನೆಗೆ ಮನೆಯವರು 'ಕಿರಾಣಿ ಭಾಳ ಆತು' ಅನ್ನುತ್ತಾರೆ, ನೀವು ಹಾಲು ಅರ್ಧ ಲೀಟರ್ ಕಡಿಮೆ ಮಾಡುತ್ತೀರಿ, ಶೇಂಗಾ ಎಣ್ಣೆ ಬಿಟ್ಟು ಅಗ್ಗದ ಎಣ್ಣೆ ತರುತ್ತೀರಿ. ಸೀರೆಯ ಬಡ್ಡಿಯನ್ನು ಮಕ್ಕಳ ಊಟದಿಂದ ಕಟ್ಟಿದ ಹಾಗಾಗುತ್ತದೆ. ಮುಚ್ಚಿಟ್ಟ ಖರ್ಚಿನಿಂದ ನಿಜವಾದ ಹಾನಿ ಇದೇ. ವಹಿ ತಪ್ಪು ಜಾಗ ತೋರಿಸುತ್ತದೆ, ನೀವು ಬೇಡದ ಜಾಗದಲ್ಲಿ ಕತ್ತರಿ ಹಾಕುತ್ತೀರಿ.

ಈಗ ಮಾಡಬೇಕಾದ್ದು. ಮೂರೂ ಸೀರೆಗೆ ಇನ್ನು ಎಷ್ಟೆಷ್ಟು ಕಂತು ಬಾಕಿ ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಕಡಿಮೆ ಉಳಿದಿದ್ದನ್ನು ಒಮ್ಮೆಲೇ ತೀರಿಸಲು ಆಗುತ್ತದೋ ನೋಡಿ. ನಾಲ್ಕು ಕಂತು, ಅಂದರೆ 1,040 ಉಳಿದಿದ್ದರೆ, 'ಈಗಲೇ ನಗದು ಕೊಟ್ರ ಎಷ್ಟಕ್ಕ ಮುಗಸ್ತೀರಿ' ಎಂದು ಕೇಳಿ. ವಾರವಾರ ವಸೂಲಿಗೆ ಅಲೆಯುವುದು ತಪ್ಪುವುದರಿಂದ ನೂರಿನ್ನೂರು ಬಿಟ್ಟಾರು. ಮೂರೂ ಮುಗಿಯುವ ತನಕ ಹೊಸ ಸೀರೆ ಬಿಚ್ಚಿಸಿ ನೋಡುವುದೂ ಬೇಡ.

ಕಂತು ಮುಗಿದ ವಾರದಿಂದ ಅದೇ 260ನ್ನು ನಿಮ್ಮ ಹೆಸರಿನ ಬೇರೆ ಉಳಿತಾಯ ಖಾತೆಗೆ ಹಾಕಿ. ಏಳು ವಾರಕ್ಕೆ 1,820 ಆಯಿತು, ಸೀರೆ ನಗದಿಗೇ ಬಂತು. ಕಂತಿನಲ್ಲಿ ವರ್ಷಕ್ಕೆ ಐದು ಸೀರೆ ಬರುವ ದುಡ್ಡಿಗೆ ಹೀಗೆ ಏಳು ಬರುತ್ತವೆ. ಬೇಕಾದರೆ ಆ ಅಕ್ಕನ ಹತ್ತಿರವೇ ನಗದು ಕೊಟ್ಟು ತಗೊಳ್ಳಿ. ಆಕೆಯದೂ ಹೊಟ್ಟೆಪಾಡು, ನಗದು ಗಿರಾಕಿ ಆಕೆಗೂ ಬೇಕು.

ಇದು ಎಲ್ಲಿ ಕೆಡುತ್ತದೆ ಅಂದರೆ ನಾಲ್ಕನೇ ವಾರಕ್ಕೆ ಗ್ಯಾಸ್ ಸಿಲಿಂಡರ್ ಬಂದಾಗ. ಸಿಲಿಂಡರಿಗೆ ಬೇರೆ ದುಡ್ಡು ಎತ್ತಿಟ್ಟಿರುವುದಿಲ್ಲ, ಸೀರೆ ದುಡ್ಡಿಗೆ ಕೈ ಹೋಗುತ್ತದೆ, ಆಮೇಲೆ 'ನಂಗ ಕೂಡಿಸಾಕ ಬರಂಗಿಲ್ಲ' ಎಂದು ಮತ್ತೆ ಕಂತಿಗೆ ಹೋಗುತ್ತೀರಿ. ಸಿಲಿಂಡರ್, ಶಾಲೆ ಫೀ, ಔಷಧ ಇವಕ್ಕೆ ವಹಿಯಲ್ಲಿ ಮೊದಲೇ ಬೇರೆ ಸಾಲು ಇರಲಿ. ಸೀರೆಯ ಸಾಲಿಗೆ 'ಸೀರಿ' ಎಂದೇ ಬರೆಯಿರಿ.

ಅದೇ ಹುಬ್ಬಳ್ಳಿಯವರು: ಯಜಮಾನ್ರಿಗೆ ಹೇಳಬೇಕೇನ್ರಿ?

ಉತ್ತರ: ಹೇಳಬೇಕು. ಆದರೆ ಹಾಳೆ ಕೈಯಲ್ಲಿ ಹಿಡಿದು ಹೇಳಿ: ಇಷ್ಟು ಬಾಕಿ, ಇಂಥ ತಿಂಗಳಿಗೆ ತೀರುತ್ತದೆ, ಹೊಸದು ತಗೊಳ್ಳುವುದಿಲ್ಲ. ಜೊತೆಗೆ ಒಂದು ಮಾತುಕತೆ ಆಗಲಿ. ಇಬ್ಬರಿಗೂ ತಿಂಗಳಿಗೆ ಸಮನಾದ ಸ್ವಂತ ರೊಕ್ಕ, ನಿಮ್ಮ ಪಗಾರಕ್ಕೆ ತಲಾ 1,200 ಆದೀತು. ಅದನ್ನು ಯಾತಕ್ಕೆ ಖರ್ಚು ಮಾಡಿದೆ ಎಂದು ಒಬ್ಬರನ್ನೊಬ್ಬರು ಕೇಳುವಂತಿಲ್ಲ, ಮುಗಿದರೆ ಉದ್ರಿ ಇಲ್ಲ. ಸೀರೆಗೆ ಕೂಡಿಸುವ ವಾರದ 260 ಇದರಿಂದಲೇ ಬರಲಿ. ಗಂಡಸರಿಗೂ ಹೇಳದ ಖರ್ಚು ಇರುತ್ತದೆ, ಮುಂದಿನ ಪ್ರಶ್ನೆ ಅದೇ.

ಪ್ರಶ್ನೆ (ಧಾರವಾಡ): ಪೆಟ್ರೋಲ್ ಉಳಸಾಕ ಗಾಡಿ ಮನ್ಯಾಗ ಬಿಟ್ಟು ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೋಗಿ ಬರ್ತೀನ್ರಿ. ಆದ್ರ ಚಹಾ, ಮಿರ್ಚಿ, ಗಿರ್ಮಿಟ್, ಗುಟ್ಕಾ ಅಂತ ಫೋನ್‌ಪೇ ಮಾಡ್ಕೋತ ಹೋಗೋದು ಲೆಕ್ಕಕ್ಕ ಸಿಗವಲ್ದು. ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರ ಪುಟಗಟ್ಟಲೆ 10, 20, 30 ರೂಪಾಯಿ. ಮನ್ಯಾಗ ತೋರಸಾಕ ಆಗೂದಿಲ್ಲ.

ಉತ್ತರ: ಬ್ಯಾಂಕಿನ ಆ್ಯಪಿನಿಂದ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಅಲ್ಲಿ ಅಂಗಡಿಯ ಹೆಸರಿಗಿಂತ ಮಾಲೀಕರ ಹೆಸರೇ ಹೆಚ್ಚು ಕಾಣುತ್ತದೆ, ಯಾವ ಹೆಸರು ಯಾವ ಅಂಗಡಿ ಎಂದು ಒಮ್ಮೆ ಗುರುತು ಹಾಕಿಕೊಳ್ಳಿ. 50 ರೂಪಾಯಿಗಿಂತ ಕಡಿಮೆ ಇರುವುದನ್ನೆಲ್ಲ ಕೂಡಿಸಿ. ಮೊತ್ತದ ಜೊತೆಗೆ ಎಷ್ಟು ಸಲ, ಎಷ್ಟು ಗಂಟೆಗೆ ಅನ್ನುವುದನ್ನೂ ನೋಡಿ, ಸಮಯ ಫೋನಿನ ಹಿಸ್ಟರಿಯಲ್ಲಿ ಸಿಗುತ್ತದೆ. ಸಂಜೆ 4ರಿಂದ 6ರ ನಡುವೆಯೇ ಹೆಚ್ಚಿದ್ದರೆ ಅದು ಚಟವಲ್ಲ, ಹಸಿವು. ಡಬ್ಬಿಯಲ್ಲಿ ಚುರುಮುರಿ, ಶೇಂಗಾ ಉಂಡಿ ಒಯ್ದರೆ ಅರ್ಧಕ್ಕೆ ಇಳಿಯುತ್ತದೆ.

ಉಳಿದಿದ್ದಕ್ಕೆ ಯುಪಿಐ ಲೈಟ್ ಬಳಸಿ, ಅಂದರೆ ಫೋನ್‌ಪೇಯಂಥ ಆ್ಯಪಿನೊಳಗೇ ಮೊದಲೇ ದುಡ್ಡು ತುಂಬಿಡುವ ಸಣ್ಣ ಚೀಲ. ಸೋಮವಾರ ಒಮ್ಮೆ 300 ತುಂಬಿ. ಲೈಟಿನಲ್ಲಿ ಒಟ್ಟು 5,000 ತನಕ ಇಡಬಹುದು, ಒಂದು ಸಲಕ್ಕೆ 1,000 ತನಕ ಕೊಡಬಹುದು, ಆದರೆ ನಿಮಗೆ ಬೇಕಾದ್ದು ಸಣ್ಣ ಮೊತ್ತದ ಬೇಲಿ. ಪಾಸ್‌ಬುಕ್ಕಿನಲ್ಲಿ ತುಂಬಿದ ಒಂದೇ ಎಂಟ್ರಿ ಬರುತ್ತದೆ, ಒಳವಿವರ ಆ್ಯಪಿನಲ್ಲಿ ಉಳಿಯುತ್ತದೆ. ಲೈಟಿಗೆ ಪಿನ್ ಬೇಡ. ಹಾಗಾಗಿ ಚಹಾದ ಅಂಗಡಿಯಲ್ಲಿ ಫೋನು ಪಿನ್ ಕೇಳಿತೆಂದರೆ ವಾರದ ದುಡ್ಡು ಮುಗಿದಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ತಪ್ಪುವುದು ಒಂದೇ ಕಡೆ: ಆಟೋ ಟಾಪ್‌ಅಪ್ ಚಾಲೂ ಇದ್ದರೆ ಖಾಲಿಯಾದಂತೆಲ್ಲ ತಾನೇ ತುಂಬಿಕೊಳ್ಳುತ್ತದೆ. ಅದನ್ನು ಬಂದ್ ಮಾಡಿಯೇ ಶುರು ಮಾಡಿ.

ಗುಟ್ಕಾ ಬೇರೆ ಮಾತು. ಅದಕ್ಕೆ ಬಜೆಟ್ ಹಾಕಿಕೊಡುವುದಿಲ್ಲ. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ 1800-112-356 ಇದೆ, ದಯವಿಟ್ಟು ಒಂದು ಫೋನ್ ಮಾಡಿ.

ಪ್ರಶ್ನೆ (ಹಾವೇರಿ): ಬ್ಯಾಡಗಿ ಮಾರ್ಕೆಟ್ಟಿನ್ಯಾಗ ರೇಟ್ ಇಳದೈತಿ ಅಂತ 10 ಕೆಜಿ ಮೆಣಸಿನಕಾಯಿ ತಂದ್ವಿ, ಆಫರಿನ್ಯಾಗ ತೊಗರಿ ಬ್ಯಾಳಿನೂ ತಂದ್ವಿ. ಮೆಣಸಿನಕಾಯಿಗೆ ಬೂಷ್ಟು, ಬ್ಯಾಳಿಗೆ ಹುಳ. ಮಂದಿ ನೋಡ್ತಾರಂತ ಕತ್ತಲಾದ ಮ್ಯಾಲೆ ಹೋಗಿ ಚೆಲ್ಲಿ ಬರೋ ಹಂಗಾತು.

ಕಿರಾಣಿ ವ್ಯಾಪಾರಿ, ಹಾವೇರಿ: ನಾಕು ಮಂದಿ ಮನೆಗೆ ವರ್ಷಕ್ಕೆ ಮೂರು-ನಾಕು ಕೆಜಿ ಒಣ ಮೆಣಸಿನಕಾಯಿ ಸಾಕು, ಹತ್ತು ಯಾಕ್ರಿ? ಬಣ್ಣಕ್ಕೆ ಬ್ಯಾಡಗಿಯ ಡಬ್ಬಿ ಅಥವಾ ಕಡ್ಡಿ ಜಾತಿಯ ಕಾಯಿ, ಖಾರಕ್ಕೆ ಸ್ವಲ್ಪ ಗುಂಟೂರು ಸೇರಿಸಿಕೊಳ್ಳಿ. ಕೊಳ್ಳುವಾಗ ಒಂದು ಹಿಡಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿ. ಒಣಗಿದ ಕಾಯಿಯೊಳಗೆ ಬೀಜ ಗಲಗಲ ಅನ್ನುತ್ತದೆ. ತೂಕಕ್ಕೆ ನೀರು ಹೊಡೆದಿದ್ದರೆ ಕಾಯಿ ಮೆತ್ತಗಿರುತ್ತದೆ, ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಒತ್ತಿದ ಹಾಗೇ ನಿಲ್ಲುತ್ತದೆ. ಆ ನೀರಿಗೆ ನೀವು ಮೆಣಸಿನಕಾಯಿ ರೇಟು ಕೊಟ್ಟಿರುತ್ತೀರಿ, ಬೂಷ್ಟು ಶುರುವಾಗುವುದೂ ಅದರಿಂದಲೇ.

ಮನೆಗೆ ತಂದು ಎರಡು-ಮೂರು ದಿನ ಬಿಸಿಲಿಗೆ ಹಾಕಿ, ಸಂಜೆ ಇಬ್ಬನಿಗೆ ಮುಂಚೆ ಒಳಗೆ ತನ್ನಿ. ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಬೇಡಿ, ಒಳಗೆ ಬೆವರುತ್ತದೆ. ರಾತ್ರಿ ಆರಲು ಬಿಟ್ಟು, ತೊಟ್ಟು ಮುರಿಯದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಖಾರ ಕುಟ್ಟಿಸುವುದು ಎರಡು-ಮೂರು ತಿಂಗಳಿಗೆ ಸಾಕಾಗುವಷ್ಟು ಮಾತ್ರ, ಪುಡಿಯ ಬಣ್ಣ ಬೇಗ ಇಳಿಯುತ್ತದೆ. ಬೂಷ್ಟು ಬಂದಿದ್ದನ್ನು ಮತ್ತೆ ಒಣಗಿಸಿ ಬಳಸಬೇಡಿ, ಅದರಲ್ಲಿ ವಿಷ ಉಳಿದಿರುತ್ತದೆ. ನೀವು ಚೆಲ್ಲಿದ್ದು ಸರಿಯೇ ಇದೆ, ಹಗಲಿಗೇ ಚೆಲ್ಲಬಹುದಿತ್ತು.

ಬೇಳೆಯ ಆಫರ್ ಹೀಗೆ ಲೆಕ್ಕ ಹಾಕಿ. ಕೆಜಿಗೆ 140 ಇದ್ದದ್ದು ಶೇ. 15 ಕಡಿತಕ್ಕೆ 119 ಆಯಿತು, 5 ಕೆಜಿಗೆ 595. ಒಂದು ಕೆಜಿ ಹುಳ ಹಿಡಿದು ಹೋದರೆ ತಿಂದಿದ್ದು ನಾಕೇ ಕೆಜಿ, ಕೆಜಿಗೆ 149 ಬಿತ್ತು. ಆಫರ್ ಇಲ್ಲದ ರೇಟಿಗಿಂತ 9 ರೂಪಾಯಿ ಹೆಚ್ಚು. ಪಾಕೀಟು ಒಡೆದ ದಿನ ಮತ್ತು ಮುಗಿದ ದಿನ ಡಬ್ಬಿ ಮೇಲೆ ಬರೆಯಿರಿ, ಎರಡು ಸಲ ಬರೆದರೆ ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಕು ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳದ್ದು, ಮಳೆಗಾಲದಲ್ಲಿ ಒಂದೇ ತಿಂಗಳದ್ದು ತನ್ನಿ.

ಪ್ರಶ್ನೆ (ಧಾರವಾಡ): ಆಯೇರಿಗೆ ಬಂದ ಸೀರಿನ ಬ್ಯಾರೆಯವ್ರಿಗೆ ಆಯೇರಿ ಮಾಡೋದು ತಪ್ಪೇನ್ರಿ? ಒಮ್ಮೆ ಕೊಟ್ಟವರ ಮನಿಗೇ ವಾಪಸ್ ಹೋಗಿ ಮಾನ ಹೋತು.

ಉತ್ತರ: ತಪ್ಪೇನಿಲ್ಲ, ಚೀಟಿ ಇಡದಿದ್ದರೆ ಮಾತ್ರ ತೊಂದರೆ. ಸೀರೆ, ಕುಬಸದ ಖಣ ಬಂದ ದಿನವೇ ಯಾರು, ಯಾವ ಕಾರ್ಯ, ಯಾವ ತಿಂಗಳು ಎಂದು ಬರೆದು ಮಡಿಕೆಯೊಳಗೆ ಇಡಿ. ಕೊಡುವ ಮುಂಚೆ ಚೀಟಿ ತೆಗೆಯುವುದು ಮರೆಯಬೇಡಿ. ಮೂರು-ನಾಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಜರಿ ಇದ್ದಲ್ಲಿ ಗೆರೆ ಬಿದ್ದು ಸೀಳುತ್ತದೆ. ಹೋದ ವರ್ಷ ಆಯೇರಿ, ಮುಯ್ಯಿಗೆ ಒಟ್ಟು ಎಷ್ಟಾಯಿತೋ ಅದನ್ನು 12ರಿಂದ ಭಾಗಿಸಿ ತಿಂಗಳಾ ಎತ್ತಿಡಿ, ತುಳಸಿ ಲಗ್ನ ಮುಗಿದು ಮದುವೆ ಶುರುವಾದಾಗ ಸಾಲಕ್ಕೆ ಹೋಗುವುದು ತಪ್ಪುತ್ತದೆ.

ಪ್ರಶ್ನೆ (ಗದಗ): ದಿನಾ ಡಬ್ಬಿ ಒಯ್ಯತೀನಿ, ಹೊಟೇಲಿಗೆ ಹೋಗಂಗಿಲ್ಲ. ಆದ್ರ ರಾತ್ರಿ ಮಲಗೂ ಮುಂದ ಫೋನಿನ್ಯಾಗ ಆಫರ್ ನೋಡಿ ಬೂಟು, ಟ್ರಿಮ್ಮರ್, ಇಯರ್‌ಫೋನ್ ಅಂತ ಆರ್ಡರ್ ಮಾಡ್ತೀನಿ. ಕ್ರೆಡಿಟ್ ಕಾರ್ಡ್ ಬಾಕಿ 30,000 ಆಗೈತಿ. ತಿಂಗಳಾ ಮಿನಿಮಮ್ 1,500 ಕಟ್ಟಾಕತ್ತೀನಿ, ಬಾಕಿ ಕಡಿಮಿ ಆಗವಲ್ದು.

ಉತ್ತರ: ಆಗುವುದೂ ಇಲ್ಲ. ನಿಮ್ಮ ಕಾರ್ಡಿಗೆ ತಿಂಗಳಿಗೆ ಶೇ. 3.5 ಬಡ್ಡಿ ಎಂದಿಟ್ಟುಕೊಳ್ಳಿ. 30,000ಕ್ಕೆ 1,050, ಅದರ ಮೇಲೆ ಶೇ. 18 ಜಿಎಸ್‌ಟಿ 189, ಕೂಡಿ 1,239. ನೀವು ಕಟ್ಟಿದ 1,500ರಲ್ಲಿ ಅಸಲಿಗೆ ಹೋದದ್ದು 261 ಮಾತ್ರ. ಇನ್ನೊಂದು ಪೆಟ್ಟು ಬಹಳ ಮಂದಿಗೆ ಗೊತ್ತಿರುವುದಿಲ್ಲ: ಪೂರ್ತಿ ಬಿಲ್ ಕಟ್ಟದ ತಿಂಗಳಿನಿಂದ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಇವತ್ತು ಆ ಕಾರ್ಡಿನಿಂದ ತಗೊಂಡ ಬೂಟಿಗೆ ಇವತ್ತಿನಿಂದಲೇ ಬಡ್ಡಿ.

ಹಾಗಾಗಿ ಮೊದಲು ಕಾರ್ಡಿನ ಬಾಗಿಲು ಹಾಕಿ. ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಆನ್‌ಲೈನ್ ವ್ಯವಹಾರ ಬಂದ್ ಮಾಡುವ ಗುಂಡಿ ಇರುತ್ತದೆ, ಒತ್ತಿ. ಶಾಪಿಂಗ್ ಆ್ಯಪಿನಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ, 'ಆಮೇಲೆ ಕೊಡಿ' ಅನ್ನುವ ಸಾಲದ ಸೌಲಭ್ಯವಿದ್ದರೆ ಅದನ್ನೂ ಮುಚ್ಚಿಸಿ. ಆಮೇಲೆ ಬಾಕಿಯನ್ನು ಕಡಿಮೆ ಬಡ್ಡಿಗೆ ಸಾಗಿಸಿ: ಬ್ಯಾಂಕಿಗೆ ಹೇಳಿ ಇಎಂಐಗೆ ಬದಲಿಸಿ, ಇಲ್ಲವೆ ಬ್ಯಾಂಕಿನಲ್ಲಿ ಬಂಗಾರದ ಸಾಲ ತೆಗೆದು ಕಾರ್ಡ್ ತೀರಿಸಿ. ವರ್ಷಕ್ಕೆ ಶೇ. 10ರ ಬಂಗಾರದ ಸಾಲಕ್ಕೆ 30,000ದ ಮೇಲೆ ವರ್ಷದ ಬಡ್ಡಿ 3,000. ಆದರೆ ಕಾರ್ಡಿನ ಬಾಗಿಲು ಹಾಕದೆ ಬಂಗಾರ ಒತ್ತೆ ಇಡಬೇಡಿ. ಖಾಲಿಯಾದ ಕಾರ್ಡ್ ಮತ್ತೆ ತುಂಬಿ, ಎರಡು ಸಾಲ ಆಗುವುದು ಹೀಗೆಯೇ.

'ಫ್ರೀ ಡೆಲಿವರಿ' ಬಗ್ಗೆಯೂ ಒಂದು ಮಾತು. 380ರ ಸಾಮಾನಿಗೆ 40 ಡೆಲಿವರಿ ಕೊಟ್ಟರೆ 420. 500 ದಾಟಿಸಲು 120ರದ್ದು ಇನ್ನೊಂದು ಹಾಕಿದರೆ 80 ರೂಪಾಯಿ ಹೆಚ್ಚೇ ಹೋಯಿತು.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಎಂಐ ಮಾಡಿಸಿದ ಮೇಲೆ ಆ ಕಂತು ಪ್ರತಿ ತಿಂಗಳ ಮಿನಿಮಮ್ ಮೊತ್ತದೊಳಗೆ ಪೂರ್ತಿಯಾಗಿ ಸೇರಿ ಬರುತ್ತದೆ. 1,500 ಕಟ್ಟಿ ರೂಢಿಯಾದವರು ಮೊದಲ ಬಿಲ್ಲಿಗೇ ತಪ್ಪುತ್ತಾರೆ. ಮುಂಚೆ ಮುಗಿಸಿದರೆ ದಂಡ ಎಷ್ಟು ಎಂದೂ ಒಪ್ಪುವ ಮೊದಲೇ ಕೇಳಿಕೊಳ್ಳಿ.

ಅದೇ ಗದಗದವರು: ಬ್ಯಾಂಕಿಗೆ ಫೋನ್ ಮಾಡಿದ್ಯಾರಿ. 12 ತಿಂಗಳು, ವರ್ಷಕ್ಕ ಶೇ. 16, ಪ್ರೊಸೆಸಿಂಗ್ 299 ಅಂದ್ರು. ಒಪ್ಪಲೇನ್ರಿ?

ಉತ್ತರ: ಒಪ್ಪಿ. ಕಂತು ಸುಮಾರು 2,722 ಬರುತ್ತದೆ. ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿ ಮೊದಲ ತಿಂಗಳು 2,794, ಆಮೇಲೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ವರ್ಷದ ಬಡ್ಡಿ 2,663, ಅದರ ಜಿಎಸ್‌ಟಿ 479, ಪ್ರೊಸೆಸಿಂಗ್ ಜಿಎಸ್‌ಟಿ ಸಮೇತ 353, ಒಟ್ಟು 3,495. ಮಿನಿಮಮ್ ಕಟ್ಟುತ್ತಾ ಹೋದರೆ ಮೂರೇ ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಹೋಗುತ್ತದೆ. 30,000 ಪೂರ್ತಿ ಬದಲಾಯಿತೋ, ಸ್ವಲ್ಪ ಹೊರಗೆ ಉಳಿಯಿತೋ ಎಂದು ಮುಂದಿನ ಸ್ಟೇಟ್‌ಮೆಂಟಿನಲ್ಲಿ ನೋಡಿ. ಹೊರಗೆ ಉಳಿದಿದ್ದರೆ ಅದನ್ನು ಆ ತಿಂಗಳೇ ತೀರಿಸಿ, ಅದರ ಮೇಲೆ ಹಳೆಯ ಬಡ್ಡಿಯೇ ಓಡುತ್ತಿರುತ್ತದೆ. ಪಗಾರ ಜಮಾ ಆಗುವ ದಿನದ ಮರುದಿನಕ್ಕೆ ಆಟೋ ಡೆಬಿಟ್ ಸಿಗುವುದಿಲ್ಲವಾದರೆ, ಪಗಾರ ಬಂದ ದಿನವೇ 2,800 ಕಾರ್ಡಿಗೆ ಕಳಿಸಿಬಿಡಿ, ಕೊನೆಯ ದಿನಾಂಕ ಕಾಯಬೇಡಿ.